ನಲವತ್ತೊಂದನೇ ಗುಂಡಿ

"ಕುರ್ಚಿ ಮುಟ್ಬೇಡ ಮಾರಾಯ, ನಾತ ಹಿಡ್ಕೊಳ್ಳುತ್ತೆ. ಅಲ್ಲೇ ಬಾಗಿಲ ಹತ್ರ ನಿಂತ್ಕೊಂಡು ಹೇಳು," ಎಂದ ಸಾಹೇಬ.

ಗುಂಡಿತಾತ ಬಾಗಿಲ ಬಳಿ ನಿಂತೇ ಹೇಳಿದ. ಊರಿನ ಒಳಚರಂಡಿಯ ನಕ್ಷೆ ಆ ಪುರಸಭೆ ಕಚೇರಿಯಲ್ಲಿ ಯಾರ ಬಳಿಯೂ ಇರಲಿಲ್ಲ. ಮೂವತ್ತೆಂಟು ವರ್ಷ ಅದರ ಗುಂಡಿಗಳಲ್ಲಿ ಇಳಿದು ಹತ್ತಿದ ಅವನ ತಲೆಯೊಳಗಿತ್ತು. ತಿಂಗಳ ಕೊನೆಗೆ ಅವನು ಕೆಲಸ ಬಿಡುವವನಿದ್ದ. ಅಷ್ಟರೊಳಗೆ ಅದನ್ನೆಲ್ಲ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕೆಂದು ಮೇಲಿನಿಂದ ಆದೇಶ ಬಂದಿತ್ತು. ಯಾವ ಮುಚ್ಚಳದ ಕೆಳಗೆ ಎಷ್ಟು ಆಳ, ಪೈಪು ಎಲ್ಲಿ ಎಡಕ್ಕೆ ಹೊರಳುತ್ತದೆ, ಯಾವ ಮೆಟ್ಟಿಲು ತುಕ್ಕು ತಿಂದು ಕಾಲಡಿಯಲ್ಲೇ ಮುರಿಯುತ್ತದೆ, ಎಲ್ಲವನ್ನೂ ಕಣ್ಣು ಮುಚ್ಚಿಕೊಂಡು ಹೇಳುತ್ತ ಹೋದ. ಸಾಹೇಬ ಚಹಾಕ್ಕೆ ಬಿಸ್ಕತ್ತು ಅದ್ದಿ ತಿನ್ನುತ್ತ ಟೈಪು ಮಾಡಿದ.

ನಲವತ್ತೊಂದನೆಯದಕ್ಕೆ ಬಂದಾಗ ತಾತ ಕಣ್ಣು ತೆರೆದ.

"ಇದ್ರಲ್ಲಿ ಗಾಳಿ ಕೆಟ್ಟದು ಸ್ವಾಮಿ."

"ಹೆಂಗೋ ಗೊತ್ತು?"

"ಮುಚ್ಚಳ ತೆಗೆದ ತಕ್ಷಣ ಜಿರಲೆ ಓಡ್ಬೇಕು. ಅವು ಓಡಿದ್ರೆ ನಾವು ಇಳೀಬೋದು. ಇದ್ರಲ್ಲಿ ಒಂದೂ ಇಲ್ಲ."

ಸಾಹೇಬ ನಕ್ಕ. ಅವನ ಪಟ್ಟಿಯಲ್ಲಿ ಆಳಕ್ಕೆ, ಅಗಲಕ್ಕೆ, ಮುಚ್ಚಳದ ನಮೂನೆಗೆ ಕಾಲಂ ಇತ್ತು, ಜಿರಲೆಗೆ ಇರಲಿಲ್ಲ. ಸತ್ತವರಿಗೊಂದು ಇತ್ತು. ಅದರಲ್ಲಾದರೂ ಅದೇ ಗುಂಡಿಯಲ್ಲಿ ಸತ್ತ ತನ್ನ ತಮ್ಮನನ್ನು ಬರೆಸಲು ತಾತ ನೋಡಿದ. ಸಾಹೇಬ ಹಳೆಯ ಕಡತ ತರಿಸಿ ಓದಿದ: ತಮ್ಮ ಕುಡಿದು ಮನೆಯಲ್ಲೇ ಸತ್ತಿದ್ದ. ಹಗ್ಗ ಹಾಕಿ ಎಳೆದವನು ನಾನೇ ಎಂದ ತಾತ. ಇದಕ್ಕೆ ಹೆಬ್ಬೆಟ್ಟು ಒತ್ತಿದವನೂ ನೀನೇ ಅಲ್ಲವೇನೋ ಎಂದು ಸಾಹೇಬ ಕೇಳಿದ. ಅಂದು ಒತ್ತದಿದ್ದರೆ ತಾತನ ಕೆಲಸ ಹೋಗುತ್ತಿತ್ತು.

ನಲವತ್ತೊಂದರ ಮುಂದೆ 'ಸುರಕ್ಷಿತ' ಎಂದು ಬಿತ್ತು.

ಸೋಮವಾರ ಬೆಳಿಗ್ಗೆ ಮೇಸ್ತ್ರಿಯ ಕೈಗೆ ಹೊಸ ಪಟ್ಟಿ ಬಂತು. ಮೊದಲ ಸಾಲೇ ನಲವತ್ತೊಂದು. ಇಳಿಯಬೇಕಾದವನ ಜಾಗದಲ್ಲಿ ತಾತನ ಅಳಿಯನ ಹೆಸರು. ತಾತ ಓಡಿ ಬಂದು ಅವನ ಕೈ ಹಿಡಿದುಕೊಂಡ.

"ನಂಗೂ ಗೊತ್ತು ಮಾವ. ಪಟ್ಟೀಲಿ ಸುರಕ್ಷಿತ ಅಂತ ಇದೆ. ಇಳಿಯಲ್ಲ ಅಂದ್ರೆ ನಾಳೆಯಿಂದ ಬರ್ಬೇಡ ಅಂತಾರೆ. ನಿಮ್ಮ ಮಗಳಿಗೆ ಏನು ತಿನ್ನಿಸ್ಲಿ, ನಿಮ್ಮ ಜಿರಲೆನಾ?"

ಆಡಿದ ಮೇಲೆ ಅವನೇ ತಲೆ ತಗ್ಗಿಸಿದ.

ತಾತ ನಡುರಸ್ತೆಗೆ ಹೋಗಿ ಆ ಮುಚ್ಚಳದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ. ಗಾಡಿಗಳು ಸಾಲುಗಟ್ಟಿ ಹಾರನ್ ಒತ್ತತೊಡಗಿದವು. ಮೇಸ್ತ್ರಿ ಅಣ್ಣಾ ಅಂದ, ತಾತಾ ಅಂದ, ಕೊನೆಗೆ ಹೆತ್ತವ್ವನನ್ನು ಎತ್ತಿ ಬೈದ.

"ಏಳೋ ಬೋಳಿಮಗನೆ. ಇದೇನು ನಿಮ್ಮಪ್ಪನ ಜಗಲಿನಾ?"

"ನನ್ ತಮ್ಮನ ಗೋರಿ ಕಣೋ. ನೀವು ಬರ್ಕೊಂಡಿಲ್ಲ, ಅಷ್ಟೆ."

ಮೇಸ್ತ್ರಿಗೆ ಅವನನ್ನು ಮುಟ್ಟಲು ಮನಸ್ಸಿರಲಿಲ್ಲ. ನಿನ್ನ ಮಾವನನ್ನು ನೀನೇ ಎತ್ತಿ ಆಚೆಗಿಡು ಎಂದು ಅಳಿಯನಿಗೆ ಹೇಳಿದ. ಅಳಿಯ ಸುತ್ತ ನೋಡಿದ. ಯಾರೂ ಬೇಡವೆನ್ನಲಿಲ್ಲ.

ಮುಚ್ಚಳ ಎತ್ತುವ ಕೊಕ್ಕೆಯನ್ನು ನೆಲಕ್ಕಿಟ್ಟು ಮಂಡಿಯೂರಿದ. ಮುದುಕ ಮುಚ್ಚಳದ ತೂತುಗಳಿಗೆ ಬೆರಳು ತೂರಿಸಿ ಬಿಗಿಹಿಡಿದಿದ್ದ. ಅಳಿಯ ಕಿರುಬೆರಳಿನಿಂದ ಶುರುಮಾಡಿ ಒಂದೊಂದಾಗಿ ಬಿಡಿಸತೊಡಗಿದ.