ಜಾಮೀನಿನ ಸಹಿ

ಶೈಲಶ್ರೀಗೆ ನರ್ಸಿಂಗ್ ಓದಲು ಸಾಲ ಬೇಕಾದಾಗ ಬ್ಯಾಂಕಿನವರು ಜಾಮೀನು ಕೇಳಿದರು. ತಾಯಿ ಹಂಪವ್ವ ಸಿದ್ದಾಪುರದಲ್ಲಿ ಕಾಲುವೆ ನೀರಿನ ಗದ್ದೆಯಿದ್ದ ತನ್ನ ತಮ್ಮ ಯಮನೂರನನ್ನು ಕರೆತಂದಳು. ಹುಡುಗಿ ತೊಟ್ಟಿಲಲ್ಲಿದ್ದಾಗಲೇ 'ಇವಳು ಯಮನೂರನಿಗೆ' ಎಂದು ಹಿರಿಯರು ಮಾತಾಡಿಕೊಂಡಿದ್ದರು. ಆ ಮಾತಿನಿಂದ ತಪ್ಪಿಸಿಕೊಳ್ಳಲೆಂದೇ ಅವಳು ಓದಿಗೆ ಬಿದ್ದಿದ್ದು. ಈಗ ಆ ಓದಿಗೆ ಸಹಿ ಹಾಕಿದವನೂ ಅದೇ ಮಾವ! ಹಂಪವ್ವನಿಗೆ ತಮ್ಮನ ದೊಡ್ಡ ಮನಸ್ಸು ಕಂಡಿತು, ಅವನ ಲೆಕ್ಕಾಚಾರ ಕಾಣಲಿಲ್ಲ.

ಶೈಲಶ್ರೀ ಗಂಗಾವತಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿದಳು. ಎರಡು ವರ್ಷ ಕಂತು ತಪ್ಪಲಿಲ್ಲ. ಆಮೇಲೆ ಆಸ್ಪತ್ರೆಯ ಯಜಮಾನ ನಷ್ಟದ ನೆಪ ಹೇಳಿ ಎಲ್ಲರ ಸಂಬಳ ಅರ್ಧಕ್ಕೆ ಇಳಿಸಿದ. ಕಂತನ್ನು ಯಾರೂ ಇಳಿಸಲಿಲ್ಲ. ಬಾಕಿ ಬೆಳೆದಾಗ ನಾಚಿಕೆ ಬಿಟ್ಟು ಬ್ಯಾಂಕ್ ಮ್ಯಾನೇಜರರ ಮುಂದೆ ಕುಳಿತಳು. ಅವರು ಒಳ್ಳೆಯವರೇ.

"ಕಂತು ಕಡಿಮಿ ಮಾಡಿ ವರ್ಷ ಹೆಚ್ಚಿಗಿ ಮಾಡೋಣಂತ. ಜಾಮೀನು ಕೊಟ್ಟವರು ಇನ್ನೊಮ್ಮೆ ಸಹಿ ಹಾಕಬೇಕವಾ, ಅಷ್ಟ."

ಅಷ್ಟೇ ಅಂತೆ! ಆ ಪುಣ್ಯಾತ್ಮರಿಗೇನು ಗೊತ್ತು.

ಯಮನೂರ ಗದ್ದೆಯ ಬದುವಿನ ಮೇಲೆ ಕುಳಿತಿದ್ದ. ಕಾಗದ ನೋಡಿ ನಕ್ಕ.

"ಹಾಕ್ತೀನಿ ಬಿಡು. ಮೊದಲ ಅಕ್ಕಿಕಾಳು ಬೀಳಲಿ."

"ನನಗ ಮದುವಿ ಬ್ಯಾಡ ಮಾವ. ಸಾಲ ನಾನ ತೀರಿಸ್ತೀನಿ."

"ಹಂಗಾರ ತೀರಿಸು. ನನ್ನ ಸಹಿ ಯಾಕ ಬೇಕು?"

ಮನೆಗೆ ಬಂದರೆ ಹಂಪವ್ವನೂ ತಮ್ಮನ ಕಡೆಯೇ. "ಬ್ಯಾಂಕಿನವ್ರು ಅವನ ಗದ್ದಿಗೆ ಬಂದ್ರ ನಾ ತವರಿಗೆ ಹ್ಯಾಂಗ ಮುಖ ತೋರಿಸ್ಲಿ? ನಿನ್ನ ಸಲುವಾಗಿ ನನ್ನ ತಮ್ಮ ಹಾಳಾಗಬೇಕೇನು?"

ಶೈಲಶ್ರೀ ಜೊತೆಯ ನರ್ಸುಗಳನ್ನು ಕೈಗಡ ಕೇಳಿದಳು. ಅವರ ಕೈಯೂ ಖಾಲಿ. ಬ್ಯಾಂಕಿನಿಂದ ನೋಟಿಸು ಬಂತು. ಅವಳು ಹಸೆಮಣೆ ಏರಿದಳು.

ಮದುವೆಯ ಮರುವಾರ ಯಮನೂರ ಹೇಳಿದಂತೆ ಸಹಿ ಹಾಕಿದ. ಬ್ಯಾಂಕಿನ ಮೆಟ್ಟಿಲಿಳಿಯುತ್ತ ಹೇಳಿದ: "ನಾಳಿಂದ ಡ್ಯೂಟಿಗೆ ಹೋಗಬ್ಯಾಡ. ಪುಡಿಗಾಸಿಗೆ ನನ್ನ ಹೇಣ್ತಿ ಬಸ್ಸಿನ್ಯಾಗ ಜೋತಾಡೋದು ಬ್ಯಾಡ."

"ಕಂತು?"

"ನಾ ಕಟ್ತೀನಿ."

ಕಟ್ಟಿದ, ತಪ್ಪದೆ. ಅದನ್ನು ಊರಿಗೆಲ್ಲ ಹೇಳುವುದನ್ನೂ ತಪ್ಪಿಸಲಿಲ್ಲ.

ಒಂದು ಮಧ್ಯಾಹ್ನ ಮನೆಗೆ ನೆಂಟರು ಬಂದಿದ್ದಾಗ ಪಕ್ಕದ ಮನೆಯ ನೂರಜಾನಬಿ ಮೊಮ್ಮಗಳನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬಂದಳು.

"ನರ್ಸವ್ವ, ಕೂಸಿನ ಮೈ ಕಾದು ಕೆಂಡ ಆಗೈತಿ, ಒಂಚೂರು ನೋಡು."

ಶೈಲಶ್ರೀಯ ಕೈ ತಾನಾಗಿಯೇ ಕೂಸಿನ ಹಣೆಗೆ ಹೋಯಿತು. ಆಗಲೇ ಒಳಗಿನಿಂದ ಯಮನೂರ ಕೂಗಿದ.

"ಶೈಲಾ, ಬೀಗರು ಬಂದು ಎಷ್ಟೊತ್ತಾತು? ಹೊಸ್ತಿಲದಾಗ ದವಾಖಾನಿ ತೆಗಿಬ್ಯಾಡ, ಚಾ ತಗೊಂಡು ಬಾ."

ಅವಳು ಕೈ ತೆಗೆದಳು.

"ಲಗೂನ ದವಾಖಾನಿಗೆ ಕರಕೊಂಡು ಹೋಗ್ರಿ ಚಾಚಿ. ನಾ ಈಗ ನರ್ಸ್ ಅಲ್ಲ."

ಚಹಾದ ತಟ್ಟೆ ಹಿಡಿದು ಒಳಗೆ ಹೋದಾಗ ಯಮನೂರ ನೆಂಟರಿಗೆ ಹೇಳುತ್ತಿದ್ದ: "ನಮ್ಮಾಕಿ ನರ್ಸಿಂಗ್ ಕಲತಾಳ್ರಿ. ಅದರ ಕಂತು ಇನ್ನೂ ನಾನ ಕಟ್ಟಾಕತ್ತೀನಿ."