ಪಾಟೀಲರ ಎಮ್ಮೆ ಏಳಲಿಲ್ಲ

"ಏ ನರಸಿಂಗ್ಯಾ, ಸೂಳಿಮಗನ, ಎಮ್ಮಿ ಸತ್ತು ಎರಡು ದಿನ ಆತು. ನಿನ್ನ ಮೂಗೂ ಸತ್ತದೇನಲೇ?"

ಪಾಟೀಲ ಶಿವರಾಜಪ್ಪ ನಮ್ಮ ಕೇರಿಯ ಬಾಯಲ್ಲಿ, ಮೈಲಿಗೆ ತಾಗದಷ್ಟು ದೂರ ನಿಂತು ಬೈಯುತ್ತಿದ್ದ. ನಾತಕ್ಕೆ ಹೆದರಿ ಬಾಯಿಗೆ ರುಮಾಲು ಕಟ್ಟಿಕೊಂಡಿದ್ದರಿಂದ ಬೈಗುಳದಲ್ಲಿ ಅರ್ಧ ಬಟ್ಟೆಯಲ್ಲೇ ಉಳಿಯುತ್ತಿತ್ತು. ಹೈದರಾಬಾದಿಗೆ ನಿಜಾಮ ಹೇಗೋ ಭಾಲ್ಕಿ ದಾರಿಯ ನಮ್ಮೂರಿಗೆ ಅವನು ಹಾಗೆ.

ಬೀದರಿನಿಂದ ಪಾದ್ರಿ ಬಂದು ಕೇರಿಯ ಹದಿನೇಳು ಮನೆಗಳಿಗೆ ದೀಕ್ಷಾಸ್ನಾನ ಕೊಟ್ಟು ಆರು ತಿಂಗಳಾಗಿತ್ತು. ಇನ್ನು ಸತ್ತ ದನ ಎಳೆಯುವುದಿಲ್ಲ, ತಿನ್ನುವುದಿಲ್ಲ ಎಂದು ನಾವು ಅಂದೇ ಮಾತು ಕೊಟ್ಟಿದ್ದೆವು. ಆಗ ಊರಲ್ಲಿ ಒಂದು ದನವೂ ಸತ್ತಿರಲಿಲ್ಲವಾದ್ದರಿಂದ ಮಾತು ಕೊಡುವುದು ಸುಲಭವಾಗಿತ್ತು.

"ಎಳಿಯಂಗಿಲ್ಲರಿ ಧಣ್ಯಾರ. ಮಾತು ಕೊಟ್ಟೀವ್ರಿ," ಎಂದ ನರಸಿಂಗ.

"ಯಾರಿಗಿ?"

"ಯೇಸುಸ್ವಾಮಿಗ್ರಿ."

"ನನ್ನ ಜ್ವಾಳ ತಿಂದು ಅವನಿಗಿ ಮಾತು ಕೊಡ್ತಿ?"

ಮುಟ್ಟಿ ಹೊಡೆದರೆ ಮೈಲಿಗೆ. ಪಾಟೀಲ ಕಾಲಿನ ಜೋಡು ತೆಗೆದು ಎಸೆದ. ನರಸಿಂಗನ ಕೆನ್ನೆ ಒಡೆದು ರಕ್ತ ಇಳಿಯಿತು. ಆ ಕೆನ್ನೆಗೆ ತಾಗಿದ ಜೋಡನ್ನು ಪಾಟೀಲ ತಿರುಗಿ ಮುಟ್ಟುವಂತಿಲ್ಲ. ಒಂಟಿ ಜೋಡಿನಲ್ಲಿ, ಸುಡುವ ನೆಲದ ಮೇಲೆ ಒಂದು ಕಾಲು ಎತ್ತಿ ಎತ್ತಿ ಇಡುತ್ತಾ ಕೂಗಿದ:

"ನಿಮ್ಮ ಯೇಸು ಸತ್ತವರಿಗಿ ಎಬ್ಬಸ್ತಾನಂತಲ್ಲ. ಕರಿಯಲೇ ಅವನಿಗಿ. ನನ್ನ ಎಮ್ಮಿ ಎಬ್ಬಸಲಿ."

ನರಸಿಂಗನ ಹೆಂಡತಿ ಈರಮ್ಮ ಸೆರಗಿನಿಂದ ಗಂಡನ ಕೆನ್ನೆ ಒತ್ತಿ ಹಿಡಿದಿದ್ದಳು. ತಲೆ ಎತ್ತದೆಯೇ ಹೇಳಿದಳು:

"ಎಬ್ಬಸ್ತಾನ್ರಿ, ಅವನಿಗೇನು ದೊಡ್ಡದಲ್ಲ. ಆದ್ರ ಎಮ್ಮಿಗೂ ಒಂದ್ ಮಾತು ಕೇಳಬೇಕಲ್ರಿ. ಹದಿನಾಕು ವರ್ಷ ನಿಮ್ಮನ್ಯಾಗ ಬಾಳ್ವಿ ಮಾಡ್ಯದ. ಎದ್ದು ಮತ್ತ ಅಲ್ಲಿಗೇ ಹೋಗ್ ಅಂದ್ರ ಎದ್ದೀತೇನ್ರಿ?"

ಕೇರಿ ನಕ್ಕಿತು. ಪಾಟೀಲನ ಎದುರು ನಾವು ನಕ್ಕದ್ದು ಅದೇ ಮೊದಲು.

ಆ ನಗೆಗೆ ಮಧ್ಯಾಹ್ನವೇ ಉತ್ತರ ಬಂತು. ಯಾರ ಹೊಲದಲ್ಲೂ ನಮಗೆ ಕೂಲಿ ಇಲ್ಲ. ಅಂಗಡಿಯಲ್ಲಿ ಉಪ್ಪಿಲ್ಲ. ಊರ ಬಾವಿಯಿಂದ ನಮ್ಮ ಕೊಡಗಳಿಗೆ ನೀರು ಎತ್ತಿ ಹಾಕುವವರಿಲ್ಲ. ಹೆಂಗಸರು ಹಳ್ಳದ ಮರಳು ತೋಡಿ ಬೊಗಸೆ ಬೊಗಸೆಯಾಗಿ ನೀರು ತಂದರು.

ಮಾರನೆಯ ಸಂಜೆ ನರಸಿಂಗ ಖಾಲಿ ಗಡಿಗೆಯ ಮುಂದೆ ಕೂತು ಕೇಳಿದ, "ಇದೊಂದ್ ಸಲ ಎಳದ್ ಬಿಡ್ಲೇನ? ದೇವರು ಆ ಕಡಿ ನೋಡ್ದಾಗ?"

"ಪಾಟೀಲಗ ಅಂಜೂದು ನಮ್ಮಪ್ಪನ ಕಾಲದಿಂದ ರೂಢಿ ಅದ," ಎಂದಳು ಈರಮ್ಮ. "ದೇವರ ಮ್ಯಾಲ ಭಾರ ಹಾಕೂದು ಹೊಸಾದು. ರೂಢಿ ಆಗೂತನ ತ್ರಾಸ ಆಗ್ತದ. ಕೂಡು."

ಹೊರಗೆ ಬಂದು, ದೂರದ ಹೊಲದಲ್ಲಿದ್ದ ತಂದೆಯನ್ನು ಕೂಗುವಂತೆ ಪ್ರಾರ್ಥನೆ ಮಾಡಿದಳು: "ಅಪ್ಪಾ, ಹೊಟ್ಟಿ ಹಸದದ, ಅಂಜಿಕಿ ಆಗ್ಯದ. ನೀ ಇದ್ದಿ ಅಂತ ನಂಬೀವಿ. ಪಾಟೀಲಗ ಬುದ್ಧಿ ಕೊಡು, ಅವನ ಮಕ್ಕಳ ರಟ್ಟಿಗಿ ಬಲ ಕೊಡು. ಎಮ್ಮಿ ಭಾಳ ದಪ್ಪ ಅದ."

ನಾಲ್ಕನೆಯ ದಿನ ನಾತ ತಾಳಲಾರದೆ ಪಾಟೀಲನೇ ಇಬ್ಬರು ಮಕ್ಕಳೊಂದಿಗೆ ಹಗ್ಗ ಹಿಡಿದ. ಊರೆಲ್ಲ ಮಾಳಿಗೆ ಹತ್ತಿ ನೋಡಿತು. ಹಗ್ಗ ಎರಡು ಸಲ ಜಾರಿತು. ಹುಟ್ಟಿದಾಗಿನಿಂದ ಆ ಕೆಲಸವನ್ನೇ ಮಾಡಿದ್ದ ನರಸಿಂಗನಿಗೆ ತಡೆಯಲಾಗಲಿಲ್ಲ.

"ಒಂದ ಕಾಲಿಗಿ ಕಟ್ಟಬ್ಯಾಡ್ರಿ ಧಣ್ಯಾರ," ಎಂದು ದೂರದಿಂದಲೇ ಹೇಳಿಕೊಟ್ಟ. "ಎರಡೂ ಕೂಡಿಸಿ ಬಿಗೀರಿ."

ಎಮ್ಮೆ ಹೋಯಿತು. ಪಾಟೀಲನ ಸಿಟ್ಟು ಹೋಗಲಿಲ್ಲ. ಭಾನುವಾರ ಬೆಳಿಗ್ಗೆ ಕುಡುಗೋಲು ಹಿಡಿದ ಎಂಟು ಆಳುಗಳು ನಮ್ಮ ಪ್ರಾರ್ಥನೆಯ ಗುಡಿಸಲಿನ ಚಾವಣಿಯ ಹುಲ್ಲು ಕಿತ್ತು ಬೀದಿಗೆ ಹಾಕಿ ಬೆಂಕಿ ಕೊಟ್ಟರು. ನಾಲ್ಕು ಮಣ್ಣಿನ ಗೋಡೆಗಳು ಉಳಿದವು. ಪಾಟೀಲ ಕುದುರೆಯ ಮೇಲೆ ಕೂತು ನೋಡುತ್ತಿದ್ದ.

"ಈಗ ಎಲ್ಲಿ ಕೂಡ್ತೀರಿ, ನೋಡ್ತೇನಿ."

ಪ್ರಾರ್ಥನೆಯ ಹೊತ್ತಿಗೆ ಹದಿನೇಳು ಮನೆಯವರೂ ಬಂದೆವು. ಯಾವಾಗಿನಂತೆ ತಗ್ಗು ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಹೋಗಿ, ನೆತ್ತಿ ಸುಡುವ ಬಿಸಿಲಲ್ಲಿ ಸಾಲಾಗಿ ಕುಳಿತೆವು. ಈರಮ್ಮ ಮಾತ್ರ, ಇನ್ನೂ ಕುದುರೆಯ ಮೇಲೇ ಇದ್ದ ಪಾಟೀಲನ ಕಡೆ ನೋಡುತ್ತಾ ಬಾಗಿಲಲ್ಲಿ ನಿಂತಿದ್ದಳು.

"ಒಳಗ ಬರ್ರಿ ಧಣ್ಯಾರ," ಎಂದಳು. "ಹೊರಗ ಬಿಸಲು ಭಾಳ ಅದ."