ಮೇಷ್ಟ್ರ ಕಿವಿಗೆ ಬಿದ್ದ ಎರಡನೆಯ ಅರ್ಥ

ಊಟ ಬಲ್ಲವನಿಗೆ ರೋಗವಿಲ್ಲ, ನಿದ್ದೆ ಬಲ್ಲವನಿಗೆ ಜಗಳವಿಲ್ಲ. ಗಾದೆ ಹೀಗಿಲ್ಲ ಎನ್ನುವವರು ತಿದ್ದುಪಡಿಯನ್ನು ಆಮೇಲೆ ಕಳಿಸಲಿ. ಮೊದಲು ಈ ಕಥೆ ಕೇಳಲಿ. ಇದರಲ್ಲಿ ಒಂದೆಳೆಯೂ ಸುಳ್ಳಿಲ್ಲ.

ಇಂಗ್ಲಿಷ್-ಕನ್ನಡ ನಿಘಂಟು ಕಚೇರಿಯ ಸಂಪಾದಕರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಅವರದೊಂದು ಹಟ: ಯಾರಾದರೂ ಆಡಿದ್ದನ್ನು ಸ್ವಂತ ಕಿವಿಯಿಂದ ಕೇಳದೆ ಯಾವ ಅರ್ಥವನ್ನೂ ಪುಟಕ್ಕೆ ಬಿಡುತ್ತಿರಲಿಲ್ಲ. ಆ ದಿನ ‘ಮಿಸ್‌ಕಂಡಕ್ಟ್’ ಪದದ ಎದುರಿಗೆ ‘ದುರ್ನಡತೆ’ ಎಂದಷ್ಟೇ ಬರೆದು ಕೈತೊಳೆದುಕೊಂಡಿದ್ದರು.

ಕಂಡವರ ದನಿಯನ್ನೆಲ್ಲ ಅನುಕರಿಸುತ್ತಿದ್ದ ಸಹಾಯಕಿಗೆ ಗಿಳಿ ಎಂದು ಅಡ್ಡಹೆಸರು. ಕೆಲಸಕ್ಕೆ ಸೇರಿದ ಮೇಲೆ ಅವಳದೆನ್ನುವ ಒಂದು ಅರ್ಥವೂ ಅಚ್ಚಾಗಿರಲಿಲ್ಲ. ಪುಟ ಸಂಜೆಗೆ ಮುದ್ರಣಕ್ಕೆ ಹೋಗುವುದಿತ್ತು. ಇದು ತಪ್ಪಿದರೆ ಮುಂದಿನ ಆವೃತ್ತಿಯೇ ಗತಿ.

“ಮೇಷ್ಟ್ರೇ, ಕೆಲಸದ ನಿಯಮ ಮುರಿದರೂ ಅದೇ ಪದ ಹೇಳ್ತಾರೆ. ಹೇಳದೆ ಕೇಳದೆ ಎದ್ದು ಹೋದ್ರೆ, ಕೂತಲ್ಲೇ ನಿದ್ದೆ ಹೊಡೆದ್ರೆ…”

“ನಿದ್ದೆ ಹೇಗಮ್ಮ ದುರ್ನಡತೆ ಆಗತ್ತೆ? ಮಲಗಿದವನು ನಡೆಯೋದೇ ಇಲ್ವಲ್ಲ.”

“ಕಚೇರಿಗಳಲ್ಲಿ ಹಾಗೇ ಬಳಸ್ತಾರೆ.”

“ನನ್ನ ಕಿವಿಗೆ ಬಿದ್ದಿಲ್ಲ. ಬಿದ್ದ ದಿನ ಹಾಕೋಣ.”

ಊಟ ಮುಗಿಸಿದ ಮೇಷ್ಟ್ರು ಎಂದಿನಂತೆ ಕರಡಚ್ಚಿನ ಕಟ್ಟಿನ ಮೇಲೆ ಕೆನ್ನೆಯಿಟ್ಟರು. ಗಿಳಿ ಪಕ್ಕದ ಕೋಣೆಗೆ ಹೋಗಿ ಕಚೇರಿಯ ಒಳಗಿನ ಫೋನಿನಿಂದ ಮೇಷ್ಟ್ರ ಮೇಜಿಗೆ ಕರೆ ಮಾಡಿ, ಮೂಗಿನಲ್ಲೇ ಮಾತಾಡುವ ನಿರ್ದೇಶಕರ ದನಿ ತೆಗೆದಳು.

“ಏನ್ರೀ, ಕೆಲಸದ ಹೊತ್ತಲ್ಲಿ ಗೊರಕೆಯಂತೆ. ಇದು ಮಿಸ್‌ಕಂಡಕ್ಟ್ ಕಣ್ರೀ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುತ್ತಾರೆ. ಮೇಷ್ಟ್ರು ಕೆನ್ನೆ ಮುಟ್ಟಿಕೊಂಡರು. ತಿದ್ದುಪಡಿಯ ಕೆಂಪು ಶಾಯಿ ಅಲ್ಲಿಗೆ ಹತ್ತಿದ್ದು ಬಾಗಿಲ ಸಂದಿಯಿಂದ ಗಿಳಿಗೆ ಕಾಣುತ್ತಿತ್ತು.

“ನಿದ್ದೆ ಅಲ್ಲ ಸಾರ್, ಪದ ಯೋಚಿಸ್ತಿದ್ದೆ. ಆ ಕುರ್ಚಿ ದಿಂಬು ಮನೆಗೆ ಒಯ್ದಿದ್ದು ನಿಜ, ನಾಳೆ ತರ್ತೀನಿ. ಮತ್ತೆ ಆ ಕಿಟಕಿ ಗಾಜು ಒಡೆದದ್ದು ಗಾಳಿ ಅಲ್ಲ ಸಾರ್, ನನ್ನ ಕೊಡೆ.”

ಕೇಳದ ತಪ್ಪುಗಳೆಲ್ಲ ಮೆರವಣಿಗೆ ಹೊರಟಾಗ ಗಿಳಿಯ ಗಂಟಲಲ್ಲಿ ನಿರ್ದೇಶಕರು ಒಣಗಿಹೋದರು. ತಟ್ಟನೆ ಫೋನು ಇಟ್ಟಳು.

ಅವಳು ಒಳಗೆ ಬಂದಾಗ ಮೇಷ್ಟ್ರು ಪೆನ್ನು ಹಿಡಿದಿದ್ದರು. “ನೀನು ಹೇಳಿದ್ದೇ ಸರಿ ಕಣಮ್ಮ. ಈಗಷ್ಟೇ ಕಿವಿಯಾರೆ ಕೇಳಿದೆ. ಎರಡನೆಯ ಅರ್ಥ ಹಾಕ್ತಿದೀನಿ.”

ಬೇಕಾದದ್ದು ಕೈಗೆ ಬಂದಿತ್ತು, ತೆಪ್ಪಗಿದ್ದರೆ ಆಗಿತ್ತು. ಆದರೆ ಮೇಷ್ಟ್ರು ಬರೆಯುತ್ತಲೇ ಮತ್ತೆ ಮತ್ತೆ ಫೋನಿನತ್ತ ಕಳ್ಳನೋಟ ಹಾಯಿಸುತ್ತಿದ್ದರು.

“ಹಾಕಬೇಡಿ ಮೇಷ್ಟ್ರೇ. ಯಾರೂ ನಿಜವಾಗಿ ಆಡಿದ್ದಲ್ಲ ಅದು,” ಎಂದವಳು ಮೂಗಿನಲ್ಲಿ ಸೇರಿಸಿದಳು, “ನಾನು ಕಣ್ರೀ.”

ಮೇಷ್ಟ್ರು ಪೆನ್ನು ಕೆಳಗಿಟ್ಟರು.

“ಆಡಿದ್ದು ನಾಟಕ ಇರಬಹುದು. ಹೆದರಿದ್ದು ನಿಜ ತಾನೆ? ನಿದ್ದೆ ಮಾಡಿಲ್ಲ ಅಂದೆನೇ ಹೊರತು, ನಿದ್ದೆಗೆ ಆ ಪದ ಸಲ್ಲಲ್ಲ ಅನ್ನಲಿಲ್ಲ ನೋಡು.” ಪೆನ್ನೆತ್ತಿ ಅರ್ಥವನ್ನು ಪೂರ್ತಿ ಮಾಡಿದರು. “ಉದಾಹರಣೆ ಬರ್ಕೋ: ಮೇಲಧಿಕಾರಿಯ ದನಿಯಲ್ಲಿ ಮುದುಕರನ್ನು ಎಬ್ಬಿಸುವುದು.”

ಗಿಳಿಗೆ ನಗು ತಡೆಯಲಾಗಲಿಲ್ಲ. ಪುಟ ಒಯ್ಯಲು ಬಂದ ಮುದ್ರಣದ ಅಕ್ಕ ಮೇಷ್ಟ್ರ ಮುಖವನ್ನೇ ದಿಟ್ಟಿಸಿ, “ಕೆನ್ನೆ ಮೇಲಿನ ತಿದ್ದುಪಡೀನೂ ಸೇರಿಸಬೇಕಾ?” ಎಂದಳು. ಮೂವರೂ ನಕ್ಕರು. ಆ ಗಲಾಟೆಗೆ ನಿಜವಾದ ನಿರ್ದೇಶಕರೇ ಬಾಗಿಲಲ್ಲಿ ತಲೆಹಾಕಿ, ಮೂಗಿನಲ್ಲಿ “ಏನ್ರೀ ಅದು?” ಎಂದರು.

ಹೆಂಗಸರಿಬ್ಬರೂ ಗಪ್ಪಾದರು. ಮೇಷ್ಟ್ರು ಮಾತ್ರ ಮೇಜು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ, ಇನ್ನೂ ಜೋರಾಗಿ ನಕ್ಕರು.